ಅರಸನ ಮುಂದೆ ಎದ್ದ ಕೂಗು

ಆಧಾರ ವಾಕ್ಯ: ಅಪೊಸ್ತಲರ ಕೃತ್ಯಗಳು 12ನೇ ಅಧ್ಯಾಯ, 20ರಿಂದ 24ನೇ ವಚನಗಳು



ಕೃಷ್ಣೆಯ ದಂಡೆಯಲ್ಲಿಯೂ ಘಟಪ್ರಭೆಯ ದಂಡೆಯಲ್ಲಿಯೂ ವಾಸವಾಗಿದ್ದ ನಮ್ಮ ಹಿರಿಯರು ಅನೇಕ ಒಡೆಯರನ್ನು ಕಂಡವರು. ಜಮಖಂಡಿಯಲ್ಲಿ ಪಟವರ್ಧನರು ಆಳಿದರು. ಮುಧೋಳದಲ್ಲಿ ಘೋರ್ಪಡೆಯವರು ಆಳಿದರು. ಬೀಳಗಿಯು ಇಂಗ್ಲಿಷರ ವಿಜಾಪುರ ಜಿಲ್ಲೆಗೆ ಸೇರಿತ್ತು. ರಬಕವಿ ಬನಹಟ್ಟಿಗಳು ಒಂದೇ ಊರಿನ ಎರಡು ಓಣಿಗಳಂತೆ ಕೂಡಿಕೊಂಡಿದ್ದರೂ ರಬಕವಿಯು ಸಾಂಗಲಿಯ ಅರಸರದು, ಬನಹಟ್ಟಿಯು ಜಮಖಂಡಿಯ ಅರಸರದು. ನೇಕಾರನು ಬೆಳಿಗ್ಗೆ ಒಬ್ಬ ಅರಸನ ಸೀಮೆಯಲ್ಲಿ ನೂಲು ಕೊಂಡು ಸಂಜೆಗೆ ಇನ್ನೊಬ್ಬನ ಸೀಮೆಯಲ್ಲಿ ಸೀರೆ ಮಾರಬಹುದಾಗಿತ್ತು, ಇಬ್ಬರಿಗೂ ಕೈಮುಗಿಯಬೇಕಾಗಿತ್ತು. 1948ರಲ್ಲಿ ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1971ರಲ್ಲಿ ಅರಸರಿಗೆ ಸಲ್ಲುತ್ತಿದ್ದ ರಾಜಧನವೂ ನಿಂತುಹೋಯಿತು. ಅರಸರು ಹೋದರು. ಆದರೆ ಅರಸರ ಮುಂದೆ ಏಳುತ್ತಿದ್ದ ಕೂಗು ಹೋಯಿತೋ? ಇದೇ ಈ ದಿನ ನಾವು ವಿಚಾರಿಸತಕ್ಕ ಮಾತು.

ಆ ಕೂಗನ್ನು ಪರದೇಶದವನೊಬ್ಬನು ನಮ್ಮ ಕನ್ನಡ ನಾಡಿನಲ್ಲಿಯೇ ಕೇಳಿ ಬರೆದಿಟ್ಟಿದ್ದಾನೆ. ಅವನ ಹೆಸರು ದೊಮಿಂಗೊ ಪಾಯೆಸ್, ಪೋರ್ತುಗೀಸ್ ದೇಶದವನು. ಸುಮಾರು 1520ರಲ್ಲಿ, ಕೃಷ್ಣದೇವರಾಯನು ಆಳುತ್ತಿದ್ದಾಗ ಅವನು ವಿಜಯನಗರಕ್ಕೆ ಬಂದು ಮಹಾನವಮಿಯ ಉತ್ಸವವನ್ನು ಕಣ್ಣಾರೆ ಕಂಡನು. ಒಂಬತ್ತು ದಿನವೂ ನಾಯಕರು ಸಾಲಾಗಿ ಬಂದು, ಕೈಗಳನ್ನು ಜೋಡಿಸಿ ತಲೆಯ ಮೇಲೆ ಎತ್ತಿ ಅರಸನಿಗೆ ವಂದಿಸಿದರು. ಆನೆ ಕುದುರೆಗಳು ಆಭರಣ ತೊಟ್ಟು ಬಂದವು, ಜಟ್ಟಿಗಳು ಕಾದಾಡಿದರು, ನರ್ತಕಿಯರು ಕುಣಿದರು, ರಾತ್ರಿಯಲ್ಲಿ ಬಾಣಬಿರುಸುಗಳು ಉರಿದವು. ಮೊದಲನೆಯ ದಿನ 24 ಕೋಣಗಳನ್ನೂ 150 ಕುರಿಗಳನ್ನೂ, ಕಡೆಯ ದಿನ 250 ಕೋಣಗಳನ್ನೂ 4500 ಕುರಿಗಳನ್ನೂ ಬಲಿಕೊಟ್ಟರೆಂದು ಅವನು ಲೆಕ್ಕ ಬರೆದಿದ್ದಾನೆ. ಉತ್ಸವ ತೀರಿದ ಮೇಲೆ ಅರಸನು ಊರ ಹೊರಗೆ ತನ್ನ ದಂಡನ್ನು ನೋಡಹೋದಾಗ ಆ ಸೈನ್ಯದ ಬೆಡಗನ್ನೂ ಆರ್ಭಟವನ್ನೂ ಕಂಡು ಕೇಳಿ ಪಾಯೆಸನು ಮೈಮರೆತನು; ತಾನು ಕಾಣುತ್ತಿರುವುದು ನಿಜವೋ ಕನಸೋ ಎಂದು ಅವನಿಗೆ ತಿಳಿಯದೆ ಹೋಯಿತಂತೆ.

ಅವನ ಬರಹದಲ್ಲಿ ಇನ್ನೊಂದು ಸಂಗತಿಯುಂಟು. ಉತ್ಸವದ ದಿನಗಳಲ್ಲಿ ಸಿಂಹಾಸನದ ಮೇಲೆ ವಿಗ್ರಹವನ್ನು ಇಟ್ಟಿದ್ದರು. ಅರಸನು ಅದರ ಅಂಚಿನಲ್ಲಿ ದಿಂಬಿನ ಮೇಲೆ ಕೂತಿದ್ದನು. ಇದನ್ನು ನಾವು ಹಗುರವಾಗಿ ಎಣಿಸಬಾರದು. ಸಿಂಹಾಸನವು ತನ್ನ ಸ್ವಂತದ್ದಲ್ಲವೆಂಬ ಒಂದು ತಿಳುವಳಿಕೆ ಅಷ್ಟು ದೊಡ್ಡ ಅರಸನಿಗೂ ಇತ್ತೆಂದು ಇದರಿಂದ ತೋರುತ್ತದೆ. ಆದರೆ ದೂರದಲ್ಲಿ ನಿಂತು ಕೈಯೆತ್ತಿದ ಜನಕ್ಕೆ ವಿಗ್ರಹ ಯಾವುದು, ಅರಸನು ಯಾರು ಎಂಬ ಭೇದ ಉಳಿದಿತ್ತೋ ಇಲ್ಲವೋ, ಅದು ಬೇರೆ ಮಾತು.

ಸುಮಾರು 15 ವರ್ಷಗಳ ತರುವಾಯ ಫೆರ್ನಾವ್ ನೂನಿಸನೆಂಬ ಮತ್ತೊಬ್ಬ ಪೋರ್ತುಗೀಸನು ಅದೇ ಪಟ್ಟಣದಲ್ಲಿ ವಾಸಿಸಿ ಬರೆದನು. ಅವನು ಕುದುರೆಯ ವ್ಯಾಪಾರದವನೆಂದು ಕೆಲವರು ಹೇಳುವರು; ಅದಕ್ಕೇ ಇರಬೇಕು, ಅವನ ಕಣ್ಣು ಬೆಡಗಿನ ಹಿಂದಿದ್ದ ಲೆಕ್ಕದ ಮೇಲೆ ಬಿತ್ತು. ಭೂಮಿಯೆಲ್ಲಾ ಅರಸನದೇ, ಉಳುವವನಿಗೆ ತನ್ನದೆಂಬ ಹೊಲವಿಲ್ಲ, ಅವನು ತನ್ನ ಬೆಳೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲನ್ನು ಒಡೆಯನಿಗೆ ಕೊಡುತ್ತಾನೆ, ಭೂಮಿ ಹಿಡಿದ ನಾಯಕರ ದಬ್ಬಾಳಿಕೆಯಿಂದ ಬಡಜನರು ಬಹಳ ಕಷ್ಟಪಡುತ್ತಾರೆ, ಎಂದು ಅವನು ತಿಳಿಸಿದನು. ಇಸ್ರಾಯೇಲ್ಯರು ತಮಗೆ ಅರಸನು ಬೇಕೆಂದು ಹಟಮಾಡಿದಾಗ, ಅರಸನು ನಿಮ್ಮ ಬೆಳೆಯಲ್ಲಿ ಹತ್ತನೆಯ ಪಾಲನ್ನು ಕಿತ್ತುಕೊಳ್ಳುವನೆಂದು ಸಮುವೇಲನು ಎಚ್ಚರಿಸಿದ್ದನು. ಹತ್ತನೆಯ ಪಾಲೇ ಪ್ರವಾದಿಗೆ ಭಾರವಾಗಿ ಕಂಡಿತು. ಮಹಾನವಮಿಯ ಬಾಣಬಿರುಸುಗಳಿಗೆ ಯಾರ ಜೋಳ ಉರಿಯಿತೆಂಬುದನ್ನು ಪಾಯೆಸನು ಕಾಣಲಿಲ್ಲ; ನೂನಿಸನು ಕಂಡನು.

1565ನೇ ವರ್ಷದ ಜನವರಿಯಲ್ಲಿ, ನಮ್ಮ ಊರುಗಳ ಮಗ್ಗುಲಲ್ಲಿ ಹರಿದುಹೋಗುವ ಇದೇ ಕೃಷ್ಣೆಯ ಕೆಳದಂಡೆಯಲ್ಲಿ, ರಕ್ಕಸಗಿ ತಂಗಡಗಿಗಳ ಸಮೀಪದಲ್ಲಿ, ಅಳಿಯ ರಾಮರಾಯನು ಸುಲ್ತಾನರ ಕೂಡ ಯುದ್ಧಮಾಡಿ ತಲೆಯನ್ನು ಕಳಕೊಂಡನು. ವಿಜಯನಗರವು ಸೂರೆಹೋಯಿತು. ಎರಡು ವರ್ಷಗಳಾದ ಮೇಲೆ ಸೆಸಾರೆ ಫೆದರೀಚಿ ಎಂಬ ಇಟಲಿಯ ವರ್ತಕನು ಅಲ್ಲಿಗೆ ಬಂದು ನೋಡಿದಾಗ ಮನೆಗಳು ಇನ್ನೂ ನಿಂತಿದ್ದವು, ಒಳಗೆ ಜನರಿರಲಿಲ್ಲ. ಹುಲಿ ಮೊದಲಾದ ಕಾಡುಮೃಗಗಳು ವಾಸವಾಗಿದ್ದವು. ಪಾಯೆಸನಿಂದ ಫೆದರೀಚಿಯ ವರೆಗೆ ಐವತ್ತು ವರ್ಷವೂ ತುಂಬಿರಲಿಲ್ಲ. ಚಿಕ್ಕಂದಿನಲ್ಲಿ ಆ ಉತ್ಸವದಲ್ಲಿ ಕೈಯೆತ್ತಿದವನು ಮುದುಕನಾಗಿ ಆ ಹಾಳನ್ನು ಕಂಡಿರಬಹುದು.

ಈಗ ನಮ್ಮ ಆಧಾರ ವಾಕ್ಯಕ್ಕೆ ಬರೋಣ. ಹೆರೋದನು ಕೈಸರೈಯದಲ್ಲಿ ರಾಜವಸ್ತ್ರವನ್ನು ಧರಿಸಿ, ಆಸನದ ಮೇಲೆ ಕೂತು ಜನರಿಗೆ ಉಪನ್ಯಾಸ ಮಾಡಿದನು. ಯೆಹೂದ್ಯರ ಚರಿತ್ರೆಗಾರನಾದ ಯೋಸೇಫನು ಆ ವಸ್ತ್ರವು ಬೆಳ್ಳಿಯ ನೆಯ್ಗೆಯದೆಂದೂ ಬೆಳಗಿನ ಬಿಸಿಲು ಬಿದ್ದು ಕಣ್ಣು ಕೋರೈಸಿತೆಂದೂ ಹೇಳುತ್ತಾನೆ. ಇದು ಮನುಷ್ಯನ ಮಾತಲ್ಲ, ದೇವರ ಮಾತೇ ಎಂಬ ಅರ್ಥದ ಕೂಗು ಜನರಿಂದ ಎದ್ದಿತು. ಅರಸನು ಆ ಮಹಿಮೆಯನ್ನು ದೇವರಿಗೆ ಸಲ್ಲಿಸದೆ ತಾನೇ ಇಟ್ಟುಕೊಂಡನು. ಆದಕಾರಣ ಅವನಿಗೆ ಬಂದ ಮರಣವನ್ನು ನೀವು ಬಲ್ಲಿರಿ.

ಅನೇಕ ಬೋಧಕರು ಇಲ್ಲಿ ಹೆರೋದನ ಗರ್ವದ ಮೇಲೆ ಮಾತ್ರ ಪ್ರಸಂಗಮಾಡಿ ಮುಗಿಸುತ್ತಾರೆ. ಆದರೆ ಲೂಕನು ಕೂಗಿಗಿಂತ ಮೊದಲೇ 20ನೇ ವಚನದಲ್ಲಿ ಒಂದು ಮಾತನ್ನು ಇಟ್ಟಿದ್ದಾನೆ. ಅರಸನ ಬಳಿಗೆ ಬಂದಿದ್ದವರು ಯಾರು? ತೂರ್ ಸೀದೋನ್ ಪಟ್ಟಣಗಳವರು, ಪರಸೀಮೆಯ ಜನರು. ಯಾಕೆ ಬಂದರು? ಅರಸನಿಗೆ ಅವರ ಮೇಲೆ ಬಹು ಕೋಪವಿತ್ತು. ಅವರ ಸೀಮೆಗೆ ದವಸವೋ ಅವನ ಸೀಮೆಯಿಂದಲೇ ಹೋಗಬೇಕಾಗಿತ್ತು. ಅವರು ಮೊದಲು ಅರಸನ ಮಲಗುವ ಮನೆಯ ಅಧಿಕಾರಿಯಾದ ಬ್ಲಾಸ್ತನನ್ನು ಒಲಿಸಿಕೊಂಡರು. ನಮ್ಮ ಕಡೆಯ ಮಾತಿನಲ್ಲಿ ವಶೀಲಿ ಹಚ್ಚಿದರು. ಆ ಬಳಿಕ ಕೂಗು ಎದ್ದಿತು. ಸಹೋದರರೇ, ಆ ಕೂಗು ಎದೆಯಿಂದ ಬಂದದ್ದೋ ಹೊಟ್ಟೆಯಿಂದ ಬಂದದ್ದೋ? ಅರಸನು ದೇವರೆಂದು ಅವರಲ್ಲಿ ಎಷ್ಟು ಮಂದಿ ನಂಬಿದ್ದರು? ರೊಟ್ಟಿಯು ಅರಸನ ಕೈಯಲ್ಲಿದೆ ಎಂದು ಮಾತ್ರ ಎಲ್ಲರೂ ನಂಬಿದ್ದರು. ರೊಟ್ಟಿಯು ಯಾವನ ಕೈಯಲ್ಲಿದೆ ಎಂದು ನಾವು ನಂಬುತ್ತೇವೋ ಅವನೇ ನಮಗೆ ದೇವರಾಗುತ್ತಾನೆ. ನಮ್ಮ ಕರ್ತನು ದಿನದ ಆಹಾರವನ್ನು ಪರಲೋಕದ ತಂದೆಯಿಂದಲೇ ಬೇಡಲಿಕ್ಕೆ ಕಲಿಸಿದ್ದು ಈ ಕಾರಣದಿಂದಲೇ.

ಅದೇ ಅಧ್ಯಾಯದ ಮೊದಲನೆಯ ವಚನಗಳನ್ನೂ ಮರೆಯಬಾರದು. ಈ ಹೆರೋದನೇ ಯೋಹಾನನ ಅಣ್ಣನಾದ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದ್ದನು. ಪೇತ್ರನನ್ನು ಸೆರೆಯಲ್ಲಿ ಹಾಕಿಸಿದ್ದನು. ಕೂಗಿದ ಜನರಿಗೆ ಅದು ತಿಳಿದಿತ್ತೋ ಇಲ್ಲವೋ. ತಿಳಿದಿದ್ದರೂ ದವಸದ ಮುಂದೆ ಯಾಕೋಬನ ರಕ್ತವು ಲೆಕ್ಕಕ್ಕೆ ಬರುತ್ತಿರಲಿಲ್ಲ.

ಹಾಗಾದರೆ ಕ್ರೈಸ್ತನು ಅಧಿಕಾರಿಯನ್ನು ಅವಮಾನಿಸಬೇಕೋ? ಎಂದಿಗೂ ಇಲ್ಲ. ಸೆರೆಮನೆಯಿಂದ ತಪ್ಪಿಸಿಕೊಂಡ ಆ ಪೇತ್ರನೇ ತನ್ನ ಮೊದಲನೆಯ ಪತ್ರಿಕೆಯ 2ನೇ ಅಧ್ಯಾಯದಲ್ಲಿ, ದೇವರಿಗೆ ಭಯಪಡಬೇಕೆಂತಲೂ ಅರಸನನ್ನು ಸನ್ಮಾನಿಸಬೇಕೆಂತಲೂ ಬರೆದನು. ಭಯವು ಒಬ್ಬನಿಗೆ, ಮಾನವು ಇನ್ನೊಬ್ಬನಿಗೆ. ಅಪೊಸ್ತಲನು ಎರಡು ಮಾತುಗಳನ್ನು ಬೇರೆ ಬೇರೆಯಾಗಿ ತೂಗಿ ಇಟ್ಟಿದ್ದಾನೆ. ಇದಕ್ಕೆ ಆರು ವಚನಗಳ ಹಿಂದೆ ಅವನು ವಿಶ್ವಾಸಿಗಳನ್ನು ಪರದೇಶಸ್ಥರೆಂದೂ ಪ್ರವಾಸಿಗಳೆಂದೂ ಕರೆದಿದ್ದಾನೆ. ಪರದೇಶದವನ ಕಣ್ಣಿನ ವಿಷಯವನ್ನು ನಾನು ಇಷ್ಟು ಹೊತ್ತು ಹೇಳಿದ್ದು ಇದಕ್ಕಾಗಿಯೇ. ನಾವು ಈ ನಾಡಿನಲ್ಲಿ ಹುಟ್ಟಿದವರು, ಈ ನಾಡಿನ ಮಾತನ್ನೇ ಆಡುವವರು, ಈ ನಾಡಿನ ಜೋಳದ ರೊಟ್ಟಿಯನ್ನೇ ಉಣ್ಣುವವರು. ಆದರೂ ಮೆರವಣಿಗೆ ಬಂದಾಗ ನಮ್ಮ ಕಣ್ಣು ಪ್ರವಾಸಿಯ ಕಣ್ಣಾಗಿರಬೇಕು. ಪಾಯೆಸನ ಹಾಗೆ ಮೈಮರೆಯುವ ಕಣ್ಣಲ್ಲ. ಉಳಿದವರನ್ನು ಕೀಳಾಗಿ ನೋಡಿ ನಗುವ ಕಣ್ಣು ಅದಕ್ಕಿಂತಲೂ ಕೆಟ್ಟದ್ದು.

ನಗುವ ಅಧಿಕಾರ ಯಾರಿಗೂ ಇಲ್ಲ. ನಮ್ಮ ನಾಡಿಗೆ ಸುವಾರ್ತೆಯನ್ನು ತಂದ ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದರು, 1837ರಲ್ಲಿ ಧಾರವಾಡಕ್ಕೆ, 1851ರಲ್ಲಿ ಗುಳೇದಗುಡ್ಡಕ್ಕೆ. ಅವರಲ್ಲಿ ಬಹು ಮಂದಿ ಜರ್ಮನರು. 1914ರಲ್ಲಿ ಯುದ್ಧವು ಎದ್ದಾಗ ಜರ್ಮನಿಯ ಸಭೆಗಳೂ ಇಂಗ್ಲೆಂಡಿನ ಸಭೆಗಳೂ ತಮ್ಮ ತಮ್ಮ ಅರಸರ ಜಯಕ್ಕಾಗಿ ಒಬ್ಬನೇ ದೇವರಿಗೆ ಪ್ರಾರ್ಥಿಸಿದವು. ಇಲ್ಲಿದ್ದ ಜರ್ಮನ್ ಮಿಶನರಿಗಳು ಸೆರೆಗೂ ಗಡೀಪಾರಿಗೂ ಗುರಿಯಾದರು. 20 ವರ್ಷಗಳ ನಂತರ ಜರ್ಮನಿಯಲ್ಲಿ ಹಿಟ್ಲರನ ಮುಂದೆ ಎದ್ದ ಕೂಗು ಹೆರೋದನ ಕಾಲದ ಕೂಗನ್ನೂ ಮೀರಿತು. ಬಾಸೆಲಿನಲ್ಲಿ ಹುಟ್ಟಿದ ಕಾರ್ಲ್ ಬಾರ್ಟ್ ಎಂಬ ದೇವಶಾಸ್ತ್ರ ಪಂಡಿತನು ಬಾನ್ ಪಟ್ಟಣದಲ್ಲಿ ಕಲಿಸುತ್ತಿದ್ದಾಗ, ಹಿಟ್ಲರನಿಗೆ ಷರತ್ತಿಲ್ಲದ ಪ್ರಮಾಣವನ್ನು ಮಾಡಲಾರೆನೆಂದು ಹೇಳಿ ಕೆಲಸವನ್ನು ಕಳಕೊಂಡು 1935ರಲ್ಲಿ ತನ್ನ ಊರಿಗೆ ಮರಳಿದನು.

ಕೊರಿಯಾ ದೇಶದ ಸಂಗತಿ ಇದಕ್ಕಿಂತ ಕಠಿಣವಾದದ್ದು. ಅಲ್ಲಿ ಆಳುತ್ತಿದ್ದ ಜಪಾನಿನವರು ತಮ್ಮ ಚಕ್ರವರ್ತಿಯ ಭಕ್ತಿಗೆ ಗುರುತಾಗಿ ಶಿಂತೋ ಗುಡಿಗಳ ಮುಂದೆ ಎಲ್ಲರೂ ಬಾಗಬೇಕೆಂದು ಕಟ್ಟಳೆ ಮಾಡಿದರು. 1938ರಲ್ಲಿ ಅಲ್ಲಿಯ ಪ್ರೆಸ್ಬಿಟೇರಿಯನ್ ಸಭೆಯ ಮಹಾಸಂಘವೇ ಪೊಲೀಸರ ಒತ್ತಾಯದ ಕೆಳಗೆ, ಹಾಗೆ ಬಾಗುವುದು ಪಾಪವಲ್ಲವೆಂದು ಠರಾವು ಮಾಡಿತು. ಜು ಗಿ-ಚೊಲ್ ಎಂಬ ಪಾಳಕನು ಬಾಗಲಿಲ್ಲ. ಅನೇಕ ಸಾರಿ ಸೆರೆಯನ್ನು ಅನುಭವಿಸಿ 1944ರಲ್ಲಿ ಸೆರೆಮನೆಯಲ್ಲಿಯೇ ತೀರಿಹೋದನು. ಠರಾವಿಗೆ ಕೈಯೆತ್ತಿದವರನ್ನು ನಾವು ಇಲ್ಲಿ ನೆರಳಲ್ಲಿ ಕೂತು ಬಯ್ಯುವುದು ಸುಲಭ. ಅವರಿಗೂ ಹೆಂಡಿರು ಮಕ್ಕಳಿದ್ದರು, ತೆರೆದಿಡಬೇಕಾದ ಶಾಲೆಗಳಿದ್ದವು. ತೂರ್ ಸೀದೋನಿನವರಿಗೆ ದವಸ ಬೇಕಾದ ಹಾಗೆಯೇ.

ನಮ್ಮ ಸೀಮೆಯಲ್ಲಿ ಈಗ ಯಾರೂ ಹಾಗೆ ಕಟ್ಟಳೆ ಮಾಡುವುದಿಲ್ಲ. ನಾವೇ ಹೋಗುತ್ತೇವೆ. ಮುಖಂಡನು ಊರಿಗೆ ಬರುವ ದಿನ ಅಗಸಿಯಲ್ಲಿ ಅವನ ಆಳೆತ್ತರದ ಚಿತ್ರಗಳು ನಿಲ್ಲುತ್ತವೆ. ಯಂತ್ರದ ಸೊಂಡಿಲಿನಿಂದ ಹೂವು ಸುರಿಯುತ್ತದೆ. ಸಿನೆಮಾ ನಟನ ಚಿತ್ರಕ್ಕೆ ಹಾಲನ್ನು ಎರೆಯುತ್ತಾರೆ, ಆ ಓಣಿಯಲ್ಲಿಯೇ ಕೂಸಿಗೆ ಹಾಲಿಲ್ಲದ ಮನೆ ಇರುತ್ತದೆ. ಬನಹಟ್ಟಿಯ ನೇಕಾರನಿಗೆ ಸಾಲದ ಮನ್ನಾ ಬೇಕು. ಮುಧೋಳದ ರೈತನಿಗೆ ಕಬ್ಬಿನ ಬಾಕಿ ಬರಬೇಕು. ಬೀಳಗಿಯ ಕಡೆ ಆಲಮಟ್ಟಿಯ ಹಿನ್ನೀರಿನಲ್ಲಿ ಹೊಲ ಮನೆ ಮುಳುಗಿದವರಿಗೆ ಪರಿಹಾರ ಬೇಕು. ಇವೆಲ್ಲಾ ನ್ಯಾಯವಾದ ಬೇಡಿಕೆಗಳೇ. ಆದರೆ ಹಕ್ಕಿನಿಂದ ಬರಬೇಕಾದದ್ದನ್ನು ಕೃಪೆ ಎಂದು ಕರೆದು, ಕೊಡುವವನನ್ನು ನಮ್ಮ ಪಾಲಿನ ದೇವರೆಂದು ನಾಲಿಗೆಯ ತುದಿಯಿಂದ ಅಂದುಬಿಡುತ್ತೇವೆ. ಬ್ಲಾಸ್ತರು ಈಗಲೂ ಇದ್ದಾರೆ. ಅವರ ಮನೆಯ ಮುಂದೆ ಚಪ್ಪಲಿಗಳ ಸಾಲೂ ಇದೆ.

ಸಭೆಯ ಒಳಗಿನ ಮಾತನ್ನೂ ಹೇಳದೆ ಬಿಡಲಾರೆನು. ಕೊರ್ನೇಲ್ಯನು ಕಾಲಿಗೆ ಬಿದ್ದಾಗ ಪೇತ್ರನು ಅವನನ್ನು ಎತ್ತಿ, ತಾನೂ ಮನುಷ್ಯನೇ ಎಂದು ತಿಳಿಸಿದನು. ಲುಸ್ತ್ರದವರು ಎತ್ತುಗಳನ್ನೂ ಹೂವಿನ ಹಾರಗಳನ್ನೂ ಊರಬಾಗಿಲಿಗೆ ತಂದಾಗ ಪೌಲ ಬಾರ್ನಬರು ಬಟ್ಟೆ ಹರಕೊಂಡು ಗುಂಪಿನೊಳಗೆ ನುಗ್ಗಿ ಕೂಗಿ ತಡೆದರು. ನಮ್ಮ ದೊಡ್ಡ ಕೂಟಗಳಲ್ಲಿ ಬೋಧಕರ ಚಿತ್ರವು ಶಿಲುಬೆಗಿಂತ ದೊಡ್ಡದಾಗಿ ತೂಗುವುದುಂಟು. ಅಲ್ಲಿ ಯಾವನೂ ಬಟ್ಟೆ ಹರಕೊಂಡದ್ದನ್ನು ಕೇಳಲಿಲ್ಲ.

ಎಲ್ಲಿಯ ತನಕ ಹೋಗಬಹುದು ಎಂದು ಸಭೆಯವರು ಕೇಳುವುದುಂಟು. ಎದ್ದು ನಿಲ್ಲುವುದೂ ಕೈಮುಗಿಯುವುದೂ ಹಾರ ಹಾಕುವುದೂ ಮಾನವೇ, ಅದರಲ್ಲಿ ದೋಷವಿಲ್ಲ. ದಾನಿಯೇಲನು ಅರಸನ ಮುಂದೆ ವಿನಯದಿಂದಲೇ ಮಾತಾಡಿದನು. ತೆರಿಗೆ ಕೊಡಿರಿ, ಕಾಯಿದೆಗೆ ನಡಕೊಳ್ಳಿರಿ. ಒಂದನೆಯ ತಿಮೊಥೆಯ 2ನೇ ಅಧ್ಯಾಯದ ಪ್ರಕಾರ ಅಧಿಕಾರಿಗಳಿಗೋಸ್ಕರ ಪ್ರತಿ ಭಾನುವಾರವೂ ಹೆಸರು ಹೇಳಿ ಪ್ರಾರ್ಥಿಸಿರಿ. ನೀವು ಓಟು ಕೊಡದೆ ಇದ್ದವನ ಹೆಸರನ್ನೂ ಬಿಡಬೇಡಿರಿ. ಒಬ್ಬನಿಗೋಸ್ಕರ ಪ್ರಾರ್ಥಿಸುತ್ತಾ ಅವನಿಗೇ ಪ್ರಾರ್ಥಿಸಲಾಗುವುದಿಲ್ಲ. ಆದರೆ ಅವನು ಹೇಳಿದ್ದೇ ಸತ್ಯವೆಂದು ಮನಸ್ಸಾಕ್ಷಿಯನ್ನು ಒಪ್ಪಿಸಬೇಕಾಗಿ ಬಂದಲ್ಲಿ, ಅಥವಾ ಅವನ ಕೈಯಿಂದ ಅನ್ಯಾಯಪಟ್ಟ ಯಾಕೋಬನ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂದು ಆದಲ್ಲಿ, ಆ ಗೆರೆಯ ಈಚೆಗೆ ನಿಲ್ಲಿರಿ.

ಮುಂದಿನ ಸಾರಿ ಮೆರವಣಿಗೆಯು ನಿಮ್ಮ ಓಣಿಗೆ ಬಂದಾಗ ಬಾಗಿಲು ಮುಚ್ಚಿಕೊಂಡು ಒಳಗೆ ಕೂಡ್ರಬೇಡಿರಿ. ಹೊರಗೆ ಬಂದು ನೆರೆಯವರ ಸಂಗಡ ನಿಂತು ನಮಸ್ಕಾರ ಹೇಳಿರಿ. ಅರ್ಜಿಯನ್ನು ಚೊಕ್ಕಟವಾಗಿ ಬರೆದು ನಿಮ್ಮ ಹೆಸರಿನ ಕೂಡ ಪಕ್ಕದ ಮನೆಯ ವಿಧವೆಯ ಹೆಸರನ್ನೂ ಸೇರಿಸಿರಿ. ಮರುದಿನ ಕಚೇರಿಗೆ ಹೋಗಿ ಅದನ್ನು ಕೊಟ್ಟು, ದಿನಾಂಕ ಹಾಕಿಸಿ, ರಸೀದಿ ತಕ್ಕೊಂಡು ಬನ್ನಿರಿ.