ದೊಡ್ಡಮ್ಮ ಏನೇನು ನೋಡಿ ಬಂದರು?

ಹಾಲುರಾಮೇಶ್ವರಕ್ಕೆ ಬರುವವರಲ್ಲಿ ಮನೆಯ ಚಿಂತೆ ಹೊತ್ತು ಬರುವವರೇ ಹೆಚ್ಚು. ಮಗಳಿಗೆ ಗಂಡು ಕೂಡಿಬಂದಿಲ್ಲ, ಸೊಸೆಯ ಮಡಿಲು ತುಂಬಿಲ್ಲ, ಮಗ ಓದಿ ಕೂತಿದ್ದಾನೆ, ಕೆಲಸ ಸಿಕ್ಕಿಲ್ಲ. ಹೊಸದುರ್ಗ ತಾಲ್ಲೂಕಿನ ಈ ಕ್ಷೇತ್ರದಲ್ಲಿ ರಾಮೇಶ್ವರನ ಗುಡಿಯಷ್ಟೇ ಹೆಸರಾದದ್ದು ಗಂಗಮ್ಮನ ಕೊಳ. ಮನಸ್ಸಿನಲ್ಲಿ ಬೇಡಿಕೊಂಡು ಕಾದು ಕೂತರೆ ನೀರಿನೊಳಗಿಂದ ಕಾಯಿಯೋ ಹಣ್ಣೋ ಹೂವೋ ತೇಲಿ ಬರುತ್ತದೆ, ಅದೇ ಗಂಗಮ್ಮ ಕೊಟ್ಟ ಉತ್ತರ ಎಂಬುದು ಜನರ ನಂಬಿಕೆ. ಕೆಲವರಿಗೆ ಬೇಗ ಬರುತ್ತದಂತೆ, ಕೆಲವರಿಗೆ ತಡವಾಗುತ್ತದಂತೆ. ಆ ಕಾಯುವ ಹೊತ್ತಿನಲ್ಲಿ ಪಕ್ಕದಲ್ಲಿ ಕೂತವರ ಜೊತೆ ಮಾತು ಶುರುವಾಗುತ್ತದೆ. ಯಾವೂರಮ್ಮ ನಿಮ್ಮದು? ಮಕ್ಕಳೆಷ್ಟು? ಎಲ್ಲಿದ್ದಾರೆ? ಅರ್ಧ ಗಂಟೆಯೊಳಗೆ ಯಾರದೋ ನಾದಿನಿಯ ಕಡೆಯಿಂದ ಒಂದು ನೆಂಟಸ್ತಿಕೆಯೂ ಹೊರಬೀಳುತ್ತದೆ.

ಎಲ್ಲಿದ್ದಾರೆ ಎಂಬ ಪ್ರಶ್ನೆಗೆ ಹತ್ತರಲ್ಲಿ ಏಳೆಂಟು ಮಂದಿಯ ಉತ್ತರ ಒಂದೇ ಇರುತ್ತದೆ: ಬೆಂಗಳೂರು. ಪೀಣ್ಯದ ಕಾರ್ಖಾನೆಯಲ್ಲಿ ಮಗ, ಗಾರ್ಮೆಂಟ್ಸ್‌ನಲ್ಲಿ ಮಗಳು, ಕ್ಯಾಬ್ ಓಡಿಸುವ ಅಳಿಯ, ಕಂಪ್ಯೂಟರ್ ಕಂಪನಿಯಲ್ಲಿ ಅಣ್ಣನ ಮಗ. ಮಳೆಯನ್ನೇ ನೆಚ್ಚಿಕೊಂಡು ರಾಗಿ, ಸಾವೆ ಬೆಳೆಯುವ ನೆಲ ನಮ್ಮದು. ತೆಂಗಿನ ತೋಟ ಇದ್ದವರೂ ಬೋರ್‌ವೆಲ್ ಬತ್ತಿದ ವರ್ಷ ಕೈ ಚೆಲ್ಲಿದ್ದಾರೆ. ಹಾಗಾಗಿ ಮನೆಯಲ್ಲಿ ಇಬ್ಬರಿದ್ದರೆ ಒಬ್ಬರು ಬಸ್ಸು ಹತ್ತಿದರು. ಹೋದವರ ಮುಖ ನೋಡಲು ಊರಲ್ಲಿ ಉಳಿದವರು ಎರಡು ದಿನದ ಮಟ್ಟಿಗೆ ಹೋಗಿ ಬರುವುದು ಈಗ ಪ್ರತಿ ಮನೆಯ ರೂಢಿ. ಅಂಥ ಎರಡು ದಿನದ ಪ್ರಯಾಣದ ಬಗ್ಗೆ, ಹೋಗಿ ಬಂದ ಮೇಲೆ ನಾವು ಕೇಳುವ ಮಾತಿನ ಬಗ್ಗೆ ಇವತ್ತು ಬರೆಯಬೇಕೆನಿಸಿತು.

ಮೊದಲು ಬೆಂಗಳೂರಿಗೆ ಹೋಗಿ ಬರುವುದು ಗಂಡಸರ ಕೆಲಸವಾಗಿತ್ತು. ಕೊಬ್ಬರಿ ಹಾಕಲು ತಿಪಟೂರಿಗೆ ಹೋದವರು ಹಾಗೇ ಮುಂದೆ ಹೋಗಿ ಮಗಳ ಮನೆಗೆ ಒಂದು ಹೊತ್ತು ತಲೆಹಾಕಿ ಬರುತ್ತಿದ್ದರು. ಹಾಗೆ ಬಂದ ಅಪ್ಪನ ಬಾಯಲ್ಲಿ ಸುದ್ದಿ ಎರಡೇ ಮಾತು: “ಚೆನ್ನಾಗೈದಾರೆ. ನಿನ್ನ ಕೇಳಿದ್ರು.” ಅಮ್ಮ ಮತ್ತೆ ಮತ್ತೆ ಕೇಳುತ್ತಿದ್ದಳು. ಮಗಳು ಸೊರಗಿದ್ದಾಳಾ? ಅಡುಗೆ ಏನು ಮಾಡಿದ್ದಳು? ಮನೆ ಹೇಗಿದೆ, ನೀರು ಬರುತ್ತಾ? ಅಪ್ಪನಿಗೆ ಅದೊಂದೂ ಕಂಡಿರುತ್ತಿರಲಿಲ್ಲ. ಬಸ್ ಚಾರ್ಜು ನೆನೆದು ಅಮ್ಮ ತಾನೇ ಹೋಗುವ ಮಾತು ಎತ್ತುತ್ತಿರಲಿಲ್ಲ. ಹೋಗಬೇಕಾದರೆ ಬಾಣಂತನ ಬರಬೇಕು, ಇಲ್ಲವೇ ಸಾವು ಆಗಬೇಕು.

2023ರ ಜೂನ್ 11ರಂದು ರಾಜ್ಯದಲ್ಲಿ ಶಕ್ತಿ ಯೋಜನೆ ಶುರುವಾಯಿತು. ರಾಜ್ಯದ ಹೆಣ್ಣುಮಕ್ಕಳಿಗೆ ಸಾರಿಗೆ ನಿಗಮಗಳ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ರಾಜಹಂಸ, ಸ್ಲೀಪರ್, ಎ.ಸಿ. ಬಸ್ಸುಗಳಿಗೆ ಈ ಸೌಲಭ್ಯವಿಲ್ಲ, ರಾಜ್ಯದ ಗಡಿ ದಾಟುವಂತಿಲ್ಲ. ಆಧಾರ್ ಕಾರ್ಡ್ ತೋರಿಸಿದರೆ ಕಂಡಕ್ಟರ್ ಶೂನ್ಯ ಮೊತ್ತದ ಚೀಟಿ ಹರಿದು ಕೊಡುತ್ತಾರೆ. ಸರ್ಕಾರದ ಬೊಕ್ಕಸಕ್ಕೆ ಇದರಿಂದ ಆಗುವ ಹೊರೆಯ ಬಗ್ಗೆ ಚರ್ಚೆ ನಡೆದಿದೆ, ನಡೆಯಲಿ. ಬಸ್ಸುಗಳಲ್ಲಿ ನೂಕುನುಗ್ಗಲು ಹೆಚ್ಚಿದೆ, ಅದೂ ನಿಜ. ಆದರೆ ನಮ್ಮ ಕಡೆಯ ಹಳ್ಳಿಗಳಲ್ಲಿ ನಾನು ಕಂಡದ್ದು ಇಷ್ಟು: ಮಗಳ ಮನೆಗೆ ಹೋಗಲು ಅಮ್ಮ ಯಾರ ಮುಂದೆಯೂ ಕೈ ಚಾಚಬೇಕಾಗಿಲ್ಲ. “ನಾಳೆ ಹೋಗಿ ನಾಡಿದ್ದು ಬರ್ತೀನಿ” ಎಂದು ಹೇಳಿ ಹೊರಡುವಷ್ಟು ಧೈರ್ಯ ಅವರಿಗೆ ಬಂದಿದೆ. ಬಾಣಂತನವೂ ಸಾವೂ ಇಲ್ಲದೆ, ಸುಮ್ಮನೆ ನೋಡಬೇಕೆನಿಸಿತು ಎಂಬ ಕಾರಣಕ್ಕೆ ಹೋಗಿ ಬರುವುದು ಅರವತ್ತು ದಾಟಿದ ಹೆಂಗಸರ ಬದುಕಿನಲ್ಲಿ ಇದೇ ಮೊದಲು. ಇದನ್ನು ನಾನು ದೊಡ್ಡ ಸಂಗತಿ ಎಂದೇ ತಿಳಿದಿದ್ದೇನೆ.

ನಮ್ಮ ಬೀದಿಯ ದೊಡ್ಡಮ್ಮ ಮೊನ್ನೆ ಹೀಗೆ ಹೋಗಿ ಬಂದರು. ಹೋಗುವಾಗ ಎರಡು ಚೀಲ. ಒಂದರಲ್ಲಿ ರಾಗಿ ಹಿಟ್ಟು, ಸಾವೆ ಅಕ್ಕಿ, ಸುಲಿದ ಕಾಯಿ. ಇನ್ನೊಂದರಲ್ಲಿ ಹುಚ್ಚೆಳ್ಳು ಪುಡಿ, ಹಪ್ಪಳ, ಹುಣಸೆಹಣ್ಣು, ಮೊಮ್ಮಗನಿಗೆಂದು ಕಟ್ಟಿದ ಕಡಲೆಬೀಜದ ಉಂಡೆ. ಎಲ್ಲವೂ ಬೆಂಗಳೂರಿನ ಅಂಗಡಿಯಲ್ಲಿ ಸಿಗುತ್ತವೆ ಎಂದು ಮಗಳು ಫೋನಿನಲ್ಲಿ ಎಷ್ಟು ಹೇಳಿದರೂ ಚೀಲ ಹಗುರಾಗಲಿಲ್ಲ. ಹುಳಿಯಾರಿನ ದಾರಿಯೋ ಹಿರಿಯೂರಿನ ದಾರಿಯೋ, ಯಾವ ಬಸ್ಸಾದರೂ ಕೊನೆಗೆ ತುಮಕೂರು ದಾಟಿ ಮೆಜೆಸ್ಟಿಕ್ ಮುಟ್ಟಲೇಬೇಕು. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಎದ್ದ ಆ ಬಸ್ ನಿಲ್ದಾಣದಲ್ಲಿ ಅಳಿಯ ಕಾದಿದ್ದು ಕರೆದುಕೊಂಡು ಹೋದರಂತೆ.

ಅವರು ಊರಿಗೆ ಮರಳುವ ಮೊದಲೇ ಅವರ ಫೋಟೋ ಊರಿಗೆ ಬಂದಿತ್ತು. ಮಗಳು ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ಹಾಕಿದ್ದಳು. ಗಾಜಿನ ಮನೆಯ ಮುಂದೆ ಸೆರಗು ಹೊದ್ದು ನಿಂತ ದೊಡ್ಡಮ್ಮ, ಪಕ್ಕದಲ್ಲಿ ಮೊಮ್ಮಗ. ಊರವರೆಲ್ಲ ನೋಡಿಯೂ ಆಗಿತ್ತು. ಬಸ್ಸಿಳಿದ ಕೂಡಲೇ ಅಂಗಡಿ ಕಟ್ಟೆಯ ಮೇಲಿದ್ದವರು ಕೇಳಿದ್ದು: “ಮಗ್ಳು ಹೆಂಗೈದಾಳೆ? ಅಳಿಯಂಗೆ ಕೆಲ್ಸ ಗಟ್ಟಿಯಾಯ್ತಾ? ಮೊಮ್ಮಗ ಎಷ್ಟನೇ ಕ್ಲಾಸು?” ದೊಡ್ಡಮ್ಮ ಎಲ್ಲಕ್ಕೂ ಉತ್ತರ ಕೊಟ್ಟರು. ಮನೆಯ ಜಗಲಿಯಲ್ಲಿ ಮತ್ತೊಂದು ಸುತ್ತು. ಅಲ್ಲಿ ನೆರೆಮನೆಯ ಅತ್ತೆ, ಸೋದರತ್ತೆ, ವಾರಗಿತ್ತಿ. ಪ್ರಶ್ನೆಗಳು ಇನ್ನಷ್ಟು ಒಳಗಿನವು: ಬಾಡಿಗೆ ಎಷ್ಟು, ಅತ್ತೆ ಜೊತೆ ಹೊಂದಿಕೊಂಡಿದ್ದಾಳಾ, ಎರಡನೆಯದರ ವಿಚಾರ ಏನು.

ಸುದ್ದಿ ಹೇಳುವುದಕ್ಕೂ ಒಂದು ಕ್ರಮ ಇದೆ, ಅದನ್ನು ನಮ್ಮ ಹೆಂಗಸರು ಬಹಳ ಚೆನ್ನಾಗಿ ಬಲ್ಲರು. ಬಸ್‌ಸ್ಟ್ಯಾಂಡಿನಲ್ಲಿ ಹೇಳುವ ಸುದ್ದಿ ಬೇರೆ, ಜಗಲಿಯಲ್ಲಿ ಹೇಳುವುದು ಬೇರೆ, ಒಲೆಯ ಮುಂದೆ ಅಕ್ಕತಂಗಿಯರಷ್ಟೇ ಇದ್ದಾಗ ಹೇಳುವುದು ಬೇರೆ. ಫೋನಿನಲ್ಲಿ ದಿನಾ ಮಾತಾಡುತ್ತೇವಲ್ಲ, ಇನ್ನು ಹೋಗಿ ನೋಡುವುದು ಏನಿದೆ ಎಂದು ಕೇಳುವವರಿಗೆ ಈ ಮೂರನೆಯ ಬಗೆಯ ಸುದ್ದಿಯ ಅರಿವಿಲ್ಲ. ವಿಡಿಯೋ ಕಾಲ್‌ನಲ್ಲಿ ದುಪಟ್ಟಾ ಹೊದ್ದು ನಗುವ ಮಗಳ ಕೊರಳಲ್ಲಿ ಸರ ಇಲ್ಲದಿರುವುದು ಅಮ್ಮನಿಗೆ ಕಾಣುವುದು ಅಡುಗೆಮನೆಯಲ್ಲಿ ಪಕ್ಕಕ್ಕೆ ನಿಂತು ಸೊಪ್ಪು ಸೋಸುವಾಗ. ಸ್ಕೂಲ್ ಫೀಸಿಗೆಂದು ಅಡವಿಟ್ಟದ್ದು ಆಮೇಲೆ ಬಾಯಿಗೆ ಬರುತ್ತದೆ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಮಲಗುವ ಅಳಿಯನ ಮುಖ ಎಷ್ಟು ಬಾಡಿದೆ, ಮಗ ಮಂಡಿ ನೋವೆಂದು ಮೆಟ್ಟಿಲನ್ನು ಹೇಗೆ ಹತ್ತುತ್ತಾನೆ, ಜಗಳವಾಡಿ ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ಊರಲ್ಲಿದ್ದೂ ಹಬ್ಬಕ್ಕೆ ಕರೆದುಕೊಳ್ಳುತ್ತಾರೋ ಇಲ್ಲವೋ, ಇವೆಲ್ಲ ಹೋಗಿ ಒಂದು ರಾತ್ರಿ ತಂಗಿದವರಿಗಷ್ಟೇ ತಿಳಿಯುವ ವಿಷಯ. ತಿಳಿದ ಮೇಲೆ ಕೈಲಾದ ಸಹಾಯವೂ ಆಗುತ್ತದೆ. ಅಡವಿಟ್ಟ ಸರ ಬಿಡಿಸಲು ಕುರಿ ಮಾರಿದ ತಾಯಂದಿರು ನಮ್ಮಲ್ಲಿದ್ದಾರೆ.

ಇದರಷ್ಟೇ ಮುಖ್ಯವಾದ ಇನ್ನೊಂದು ಮಾತಿದೆ. ಅಷ್ಟು ಜನ ಅಷ್ಟು ಪ್ರಶ್ನೆ ಕೇಳಿದರು. ಎಲ್ಲವೂ ಮಗಳ ಬಗ್ಗೆ, ಅಳಿಯನ ಬಗ್ಗೆ, ಮೊಮ್ಮಗನ ಬಗ್ಗೆ. “ನೀನು ಏನೇನು ನೋಡಿದೆ?” ಎಂದು ದೊಡ್ಡಮ್ಮನನ್ನು ಒಬ್ಬರೂ ಕೇಳಲಿಲ್ಲ. ತಾಯಿಯಾದವಳು ಪಟ್ಟಣಕ್ಕೆ ಹೋಗುವುದು ಮಕ್ಕಳನ್ನು ನೋಡಿಕೊಂಡು ಬರುವುದಕ್ಕೆ ಅಷ್ಟೇ, ಅವಳಿಗೂ ಎರಡು ಕಣ್ಣಿವೆ, ಅವಳಿಗೂ ಒಂದು ಪಟ್ಟಣ ನೋಡುವ ಆಸೆ ಇದೆ ಎಂಬುದು ನಮಗೆ ಹೊಳೆಯುವುದೇ ಇಲ್ಲ. ಮಗ ಮೈಸೂರಿಗೆ ಎರಡು ದಿನ ಹೋಗಿ ಬಂದರೆ ಅರಮನೆ ನೋಡಿದೆಯಾ, ಚಾಮುಂಡಿಬೆಟ್ಟ ಹತ್ತಿದೆಯಾ ಎಂದು ಕೇಳುತ್ತೇವೆ. ಅಮ್ಮನನ್ನು ಕೇಳುವುದಿಲ್ಲ.

ಸಂಜೆ ನಾನು ಕೇಳಿದೆ. ಕೇಳಿದ್ದೇ ತಡ, ದೊಡ್ಡಮ್ಮ ಕಾಲು ಚಾಚಿ ಕೂತು ಹೇಳತೊಡಗಿದರು. ಮೊದಲು ಮೆಟ್ರೋ. ಬಸ್ಸಿನ ಹಾಗೆ ಅದು ಪುಕ್ಕಟೆಯಲ್ಲ, ಮಗಳು ದುಡ್ಡು ಕೊಟ್ಟಳು. ಓಡುವ ಮೆಟ್ಟಿಲ ಮುಂದೆ ನಿಂತು ಕಾಲಿಡಲು ಹೆದರಿಕೆ. ನೆರಿಗೆ ಸಿಕ್ಕಿಕೊಂಡರೆ? ಹಿಂದೆ ಜನ ನಿಂತಿದ್ದಾರೆ. ಎಡಗೈಯಲ್ಲಿ ಸೀರೆ ಎತ್ತಿ ಹಿಡಿದು, ಬಲಗೈಯಲ್ಲಿ ಮೊಮ್ಮಗನ ಭುಜ ಹಿಡಿದು, ಕಣ್ಣುಮುಚ್ಚಿ ಕಾಲಿಟ್ಟರಂತೆ. ಮೇಲೆ ಹೋದ ಮೇಲೆ ಇನ್ನೊಮ್ಮೆ ಹತ್ತೋಣ ಎನಿಸಿತಂತೆ. ಹಸಿರು ಮಾರ್ಗದ ರೈಲು ಲಾಲ್‌ಬಾಗ್ ಹತ್ತಿರವೇ ಇಳಿಸುತ್ತದೆ, 2017ರಿಂದ ಅಲ್ಲೊಂದು ನಿಲ್ದಾಣವಿದೆ. ನೆಲದೊಳಗೆ ಕತ್ತಲಲ್ಲಿ ಹೋಗಿ ಒಮ್ಮೆಗೇ ಬೆಳಕಿಗೆ ಬಂದು ಮನೆಗಳ ಮಾಳಿಗೆಯ ಸಮಕ್ಕೆ ಓಡುವ ರೈಲಿನ ಕಿಟಕಿಯಿಂದ ಯಾರದೋ ಮಹಡಿಯ ಮೇಲೆ ಒಣಹಾಕಿದ ಸಂಡಿಗೆ ಕಂಡಿತು ಎಂದರು. ಬೆಂಗಳೂರಲ್ಲೂ ಸಂಡಿಗೆ ಇಕ್ಕುತ್ತಾರೆ ಎಂಬುದು ಅವರಿಗೆ ಬಹಳ ಸಮಾಧಾನ ಕೊಟ್ಟಿತ್ತು.

ಲಾಲ್‌ಬಾಗಿನಲ್ಲಿ ಅವರನ್ನು ಹಿಡಿದು ನಿಲ್ಲಿಸಿದ್ದು ಬಂಡೆ. ಕೆಂಪೇಗೌಡರ ಗೋಪುರ ನಿಂತಿರುವ ಆ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು ಎನ್ನುತ್ತಾರೆ ಭೂವಿಜ್ಞಾನಿಗಳು. ದೊಡ್ಡಮ್ಮ ಅದರ ಮೇಲೆ ಕೂತು ಮೊಮ್ಮಗನಿಗೆ ಚಿತ್ರದುರ್ಗದ ಏಳುಸುತ್ತಿನ ಕೋಟೆಯ ಕತೆ ಹೇಳಿದರಂತೆ, ಕಿಂಡಿಯಲ್ಲಿ ಒನಕೆ ಹಿಡಿದು ನಿಂತ ಓಬವ್ವನ ಕತೆ. ಆ ಹುಡುಗ ಬೆಂಗಳೂರಲ್ಲೇ ಹುಟ್ಟಿದವನು, ದುರ್ಗ ನೋಡಿಲ್ಲ. ಲಾಲ್‌ಬಾಗನ್ನು 1760ರಲ್ಲಿ ಶುರುಮಾಡಿದ ಹೈದರಾಲಿಯೇ 1779ರಲ್ಲಿ ಮದಕರಿ ನಾಯಕನಿಂದ ದುರ್ಗವನ್ನು ಗೆದ್ದುಕೊಂಡವನು. ಅಜ್ಜಿ ಮೊಮ್ಮಗ ಕೂತು ಓಬವ್ವನ ಕತೆ ಹೇಳಿಕೊಂಡದ್ದು ಅವನ ತೋಟದಲ್ಲಿ. ನಾನು ಅದನ್ನು ಹೇಳಿದಾಗ ದೊಡ್ಡಮ್ಮ ಸ್ವಲ್ಪ ಹೊತ್ತು ಯೋಚಿಸಿ, “ತೋಟ ಮಾತ್ರ ಚೆನ್ನಾಗಿ ಮಾಡವ್ನೆ” ಎಂದರು.

ಗಾಜಿನ ಮನೆ ಕಟ್ಟಲು ಶುರುಮಾಡಿದ್ದು 1889ರಲ್ಲಿ. ಗಣರಾಜ್ಯೋತ್ಸವಕ್ಕೂ ಸ್ವಾತಂತ್ರ್ಯ ದಿನಕ್ಕೂ ಅಲ್ಲಿ ಫಲಪುಷ್ಪ ಪ್ರದರ್ಶನ ಇರುತ್ತದೆ. ಈ ಸಲ ಹೂವಿಲ್ಲದ ಹೊತ್ತಿನಲ್ಲಿ ಹೋಗಿದ್ದರಿಂದ ಅದೊಂದು ಕೊರಗು ಅವರಿಗೆ. ಆದರೆ ಮರಗಳ ಬಗ್ಗೆ ಹೇಳಿದ್ದನ್ನು ಕೇಳಬೇಕಿತ್ತು. ಒಂದು ಮರದ ಬುಡ ತಬ್ಬಲು ನಾಲ್ಕು ಜನ ಸಾಲದು ಎಂದು ಎರಡೂ ಕೈ ಅಗಲಿಸಿ ತೋರಿಸಿದರು. ನಲವತ್ತು ವರ್ಷ ಹೊಲಮನೆ ಮಾಡಿದ ಕಣ್ಣಿಗೆ ಪಟ್ಟಣದಲ್ಲಿ ಕಾಣುವುದು ನಮಗೆ ಕಾಣುವುದಕ್ಕಿಂತ ಬೇರೆಯೇ. ಅದು ಅವರ ಜೊತೆಯಲ್ಲೇ ಉಳಿದುಹೋದರೆ ನಷ್ಟ ನಮಗೆ.

ಇತ್ತಲಿಂದ ಅತ್ತ ಹೋಗುವ ಹಾಗೆ ಅತ್ತಲಿಂದ ಇತ್ತ ಬರುವುದೂ ಉಂಟು. 2022ರ ಸೆಪ್ಟೆಂಬರಿನಲ್ಲಿ ಮಾರಿಕಣಿವೆಯ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ಈ ಭಾಗದ ಮನೆಗಳಿಗೆ ಬೆಂಗಳೂರಿನ ಮಕ್ಕಳೆಲ್ಲ ಬಂದರು. 1907ರಲ್ಲಿ ಕಟ್ಟಿ ಮುಗಿದ ಆ ಜಲಾಶಯ ಅದಕ್ಕೆ ಮೊದಲು ಕೋಡಿ ಹರಿದದ್ದು 1933ರಲ್ಲಿ. ಎಂಬತ್ತೊಂಬತ್ತು ವರ್ಷ ಯಾರೂ ನೋಡದ ನೀರನ್ನು ನೋಡಲು ಹಿರಿಯೂರು ದಾರಿಯಲ್ಲಿ ವಾಹನಗಳ ಸಾಲು. ಅತ್ತ ಹಿನ್ನೀರಿನಂಚಿನ ಹೊಸದುರ್ಗದ ಹಳ್ಳಿಗಳಲ್ಲಿ ತೋಟಕ್ಕೆ ನೀರು ನುಗ್ಗಿದ ಸಂಕಟವೂ ಇತ್ತು. ಅಜ್ಜ ಹೇಳುತ್ತಿದ್ದ ಕೋಡಿಯನ್ನು ನೋಡಿದೆ ಎಂದು ಹೇಳಿಕೊಳ್ಳಲು ಅಜ್ಜನೇ ಇಲ್ಲ ಎಂದು ಕಣ್ಣೀರಿಟ್ಟವರನ್ನು ಆ ದಿನಗಳಲ್ಲಿ ಕಂಡಿದ್ದೇನೆ. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. ಆಗಲೂ ಬಂದರು. ಬಂದವರಿಗೆ ನಮ್ಮ ಪ್ರಶ್ನೆಗಳು ಧಾರಾಳ: ನೀರು ನೋಡಿದ್ರಾ, ಫೋಟೋ ತೆಗೆದ್ರಾ, ಎಷ್ಟು ಚೆನ್ನಾಗಿತ್ತು? ಅದೇ ಪ್ರಶ್ನೆ ಬೆಂಗಳೂರಿಂದ ಬಂದ ಅಮ್ಮನಿಗೆ ಸಲ್ಲಬೇಕು ಎಂಬುದಷ್ಟೇ ನನ್ನ ಒತ್ತಾಯ. ಕೇಳಿ ನೋಡಿ. ಮಗಳ ಮನೆಯ ಸುದ್ದಿಯೆಲ್ಲ ಮುಗಿಯಲಿ, ಕಾಫಿ ಕೊಡಿ, ಆಮೇಲೆ ಕೇಳಿ. ಮೊದಲು “ನಾನೇನ್ ನೋಡ್ಲಿ” ಎಂದೇ ಶುರುಮಾಡುತ್ತಾರೆ. ಅಲ್ಲಿಗೆ ಬಿಟ್ಟು ಏಳಬೇಡಿ.

ನಮ್ಮ ಬೀದಿಯಲ್ಲಿ ಈಗ ಹೊಸ ಮಾತು ನಡೆದಿದೆ. ದೊಡ್ಡಮ್ಮ ಜನವರಿಯ ಹೂವಿನ ಪ್ರದರ್ಶನಕ್ಕೆ ಹೋಗುವವರಿದ್ದಾರೆ, ಈ ಸಲ ವಾರಗಿತ್ತಿಯನ್ನೂ ಸೋದರತ್ತೆಯನ್ನೂ ಕರೆದುಕೊಂಡು. ಸೋದರತ್ತೆಗೆ ಬೆಂಗಳೂರಿನಲ್ಲಿ ಮಕ್ಕಳಿಲ್ಲ, ನೋಡಬೇಕಾದ ನೆಂಟರೂ ಇಲ್ಲ. ಹಾಗಿದ್ದರೆ ನೀನ್ಯಾಕೆ ಹೋಗ್ತೀಯಾ ಎಂದು ಮನೆಯಲ್ಲಿ ಕೇಳಿದರಂತೆ. “ಹೂವು ನೋಡಾಕೆ” ಎಂದರಂತೆ. ಎರಡು ದಿನ ಎಮ್ಮೆ ಹಾಲು ಕರೆಯುವವರು ಯಾರು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಮಾವನವರು ಕಲಿತುಕೊಳ್ಳಲಿ ಎಂದು ದೊಡ್ಡಮ್ಮ ಹೇಳಿದ್ದಾರೆ.