ಕಂಡದ್ದೆಲ್ಲವೂ ರೋಗವೇ?

ಅರಿವು ಹೆಚ್ಚಿದಷ್ಟೂ ಹಿತವೆಂದೇ ನಾವು ನಂಬಿದ್ದೇವೆ. ದಕ್ಷಿಣ ಕೊರಿಯಾದ ಅನುಭವವು ಈ ನಂಬಿಕೆಯನ್ನು ತುಸು ತಡೆದು ನಿಲ್ಲಿಸುತ್ತದೆ. ಅಲ್ಲಿ 1999ರಲ್ಲಿ ರಾಷ್ಟ್ರೀಯ ಕ್ಯಾನ್ಸರ್ ತಪಾಸಣೆ ಆರಂಭವಾಯಿತು. ಕೊರಳಿನ ಥೈರಾಯ್ಡ್ ಗ್ರಂಥಿಯ ಪರೀಕ್ಷೆ ಅದರಲ್ಲಿ ಸೇರಿರಲಿಲ್ಲ. ಆದರೆ ಅಲ್ಪ ಶುಲ್ಕಕ್ಕೆ ಆಸ್ಪತ್ರೆಗಳು ಅದನ್ನೂ ಮಾಡಿಕೊಟ್ಟವು. ಶ್ರವಣಾತೀತ ಧ್ವನಿತರಂಗಗಳು ಒಳಗಿನಿಂದ ಪ್ರತಿಫಲಿಸಿ ಬಂದು ಪರದೆಯ ಮೇಲೆ ಚಿತ್ರ ಬರೆಯುತ್ತವೆ. ಸಾಸಿವೆಕಾಳಿನಷ್ಟು ಗಂಟೂ ಅಡಗಿರಲಾರದು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರಿನ ಪ್ರಮಾಣ 1993ರಲ್ಲಿದ್ದುದರ 15 ಪಟ್ಟಾಯಿತು. ಸಾವಿನ ಪ್ರಮಾಣವೋ, ಇದ್ದಂತೆಯೇ ಇತ್ತು! ಅಂದರೆ ಬಹುಪಾಲು ಎಂದೂ ಬಾಧಿಸದಿದ್ದ ಗಂಟುಗಳವು. ಗ್ರಂಥಿಯನ್ನು ಪೂರ್ತಿ ಕಳೆದುಕೊಂಡವರು ಮಾತ್ರ ಆಜೀವ ಗುಳಿಗೆ ನುಂಗಬೇಕಾಯಿತು. ಕೆಲವರ ಸ್ವರನರಕ್ಕೂ ಪೆಟ್ಟು ಬಿತ್ತು.

2014ರಲ್ಲಿ ಅಲ್ಲಿನ ಕೆಲವು ವೈದ್ಯರೇ ಎಚ್ಚರಿಸಿದರು. ವರ್ಷದೊಳಗೆ ಶಸ್ತ್ರಚಿಕಿತ್ಸೆಗಳು ಶೇಕಡಾ 35ರಷ್ಟು ಇಳಿದವು. ಯಂತ್ರವೇನೂ ಸುಳ್ಳು ಹೇಳಿರಲಿಲ್ಲ. ಆದರೆ ಕ್ಯಾನ್ಸರ್ ಎಂಬ ಶಬ್ದ ಕಿವಿಗೆ ಬಿದ್ದ ಮೇಲೆ ‘ಕಾದು ನೋಡೋಣ’ ಎನ್ನುವ ಧೈರ್ಯ ನಿಮಗಿದ್ದೀತೆ? ನನಗಂತೂ ಇರಲಾರದು. ಆದುದರಿಂದಲೇ, ಕಂಡ ಮೇಲೆ ಮಾಡುವುದೇನೆಂಬ ಪ್ರಶ್ನೆಯನ್ನು ನೋಡುವ ಮುನ್ನವೇ ಕೇಳಿಕೊಳ್ಳಬೇಕಾಗಿದೆ. ಗಂಟು ಕೈಗೆ ಸಿಕ್ಕವರು, ಸ್ವರ ಒಡೆದವರು ಪರೀಕ್ಷೆಗೆ ಹೋಗಲೇಬೇಕು. ನಾನಾಡುತ್ತಿರುವುದು ಯಾವ ಬಾಧೆಯೂ ಇಲ್ಲದೆ ಕೇವಲ ಕುತೂಹಲಕ್ಕೆ ಕೊರಳೊಡ್ಡುವವರ ಮಾತು.