ಗ್ರಹಣವೂ ಜನಸಂದಣಿಯೂ

ಒಳ್ಳೆಯ ನೋಟವನ್ನು ಒಬ್ಬನೇ ನೋಡಬೇಕೆಂಬುದು ರಸಿಕರೆನಿಸಿಕೊಂಡವರ ಹಳೆಯ ಹಟ. ಮಳೆಗಾಲದಲ್ಲಿ ಜೋಗಕ್ಕೆ ಹೋಗಿಬಂದವರು ಜಲಪಾತವನ್ನು ಹೊಗಳುವ ಮೊದಲೇ ಅಲ್ಲಿ ಸಾಲಾಗಿ ನಿಂತ ಬಸ್ಸುಗಳನ್ನೂ ಕಾಲಡಿಯ ಕಡಲೆಕಾಯಿ ಸಿಪ್ಪೆಯನ್ನೂ ತೆಗಳುತ್ತಾರೆ. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕವನ್ನು ಕಂಡುಬಂದವರು, “ಅದಲ್ಲ ನೋಡುವುದು, ಯಾರೂ ಇಲ್ಲದ ಒಂದು ಬೆಳಗ್ಗೆ ಬೆಟ್ಟ ಹತ್ತಬೇಕು” ಎನ್ನುತ್ತಾರೆ. ಈ ಮಾತಿನಲ್ಲಿ ಹುರುಳಿಲ್ಲವೆಂದು ಹೇಳಲಾಗದು. ನೂಕುನುಗ್ಗಲಿನಲ್ಲಿ ಕಣ್ಣು ನೋಡಿದರೂ ಮನಸ್ಸು ನೋಡುವುದಿಲ್ಲ. ಆದರೆ ಜನ ಕಡಿಮೆಯಿರಬೇಕಾಗಿತ್ತು ಎಂದು ಕೊರಗುವವನು ಆ ಕಡಿಮೆಯಾಗಬೇಕಾದ ಲೆಕ್ಕದಲ್ಲಿ ತನ್ನನ್ನು ಎಂದೂ ಸೇರಿಸಿಕೊಳ್ಳುವುದಿಲ್ಲ ಎಂಬುದೂ ಗಮನಿಸತಕ್ಕ ಸಂಗತಿಯೇ. ಒಳ್ಳೆಯದನ್ನು ಅನುಭವಿಸಲು ಉಳಿದವರ ಗೈರುಹಾಜರಿ ಅವಶ್ಯವೆ? ಅಥವಾ ಕೆಲವು ಒಳಿತುಗಳು ಹಲವರ ನಡುವೆ ನಿಂತಾಗಲೇ ನಮಗೆ ಪೂರ್ತಿಯಾಗಿ ದಕ್ಕುತ್ತವೆಯೆ? ಈ ಪ್ರಶ್ನೆಯನ್ನು ಒರೆಗೆ ಹಚ್ಚಿ ನೋಡಲು ಸಂಪೂರ್ಣ ಸೂರ್ಯಗ್ರಹಣಕ್ಕಿಂತ ತಕ್ಕ ಸಂದರ್ಭ ಬೇರೊಂದಿಲ್ಲವೆಂದು ನನಗೆ ತೋರುತ್ತದೆ.

ಕಾರಣ ಸರಳವಾದದ್ದು. ಜೋಗಕ್ಕೆ ಭಾನುವಾರ ಬೇಡವೆಂದರೆ ಸೋಮವಾರ ಹೋಗಬಹುದು. ಗೊಮ್ಮಟನು ಹನ್ನೆರಡು ವರ್ಷವೂ ಅಲ್ಲಿಯೇ ನಿಂತಿರುತ್ತಾನೆ. ಗ್ರಹಣಕ್ಕೆ ಇನ್ನೊಂದು ದಿನವೆಂಬುದಿಲ್ಲ. ಚಂದ್ರನ ದಟ್ಟ ನೆರಳು ನೆಲದ ಮೇಲೆ ಒಂದು ಪಟ್ಟಿಯಂತೆ ಹರಿದುಹೋಗುತ್ತದೆ. ಪಟ್ಟಿಯ ಅಗಲ ಸಾಮಾನ್ಯವಾಗಿ ನೂರು, ಇನ್ನೂರು ಕಿಲೋಮೀಟರು. ಅದರೊಳಗಿನ ಒಂದು ಊರಿಗೆ ಸಿಕ್ಕುವ ಕತ್ತಲೆ ಎರಡು ಮೂರು ನಿಮಿಷದ್ದು. ಎಷ್ಟೇ ದೀರ್ಘವಾದರೂ ಏಳೂವರೆ ನಿಮಿಷ ಮೀರದು. ಒಂದು ಸ್ಥಳದಲ್ಲಿ ಒಮ್ಮೆ ಸಂಪೂರ್ಣ ಗ್ರಹಣವಾದ ಮೇಲೆ ಅದೇ ಸ್ಥಳದಲ್ಲಿ ಮತ್ತೊಮ್ಮೆ ಆಗಲು ಸರಾಸರಿ ೩೭೫ ವರ್ಷಗಳಷ್ಟು ಕಾಲ ಬೇಕೆಂದು ಲೆಕ್ಕ ಬಲ್ಲವರು ಹೇಳುತ್ತಾರೆ. ಮನೆಯ ಜಗಲಿಯಲ್ಲಿ ಕುಳಿತು ಕಾಯುವುದಾದರೆ ಹತ್ತು ಹನ್ನೆರಡು ತಲೆಮಾರು ಕಾಯಬೇಕು. ಆದ್ದರಿಂದ ನೋಡಬೇಕೆನ್ನುವವರೆಲ್ಲರೂ ಒಂದೇ ದಿನ, ಒಂದೇ ಹೊತ್ತಿನಲ್ಲಿ, ಒಂದೇ ಪಟ್ಟಿಯೊಳಗೆ ಬಂದು ನಿಲ್ಲಲೇಬೇಕು. ಜನಸಂದಣಿ ಗ್ರಹಣದ ಸ್ವಭಾವದಲ್ಲಿಯೇ ಅಡಗಿದೆ. ಅದನ್ನು ಬಿಟ್ಟು ಇದನ್ನು ಮಾತ್ರ ಬಯಸುವಂತಿಲ್ಲ.

“ಅಷ್ಟು ದೂರ ಏಕೆ ಹೋಗಬೇಕು, ನಮ್ಮ ಊರಿನಲ್ಲಿಯೇ ನೂರಕ್ಕೆ ತೊಂಬತ್ತೊಂಬತ್ತು ಭಾಗ ಹಿಡಿಯುತ್ತದಲ್ಲ” ಎಂದು ಕೇಳುವವರುಂಟು. ವ್ಯವಹಾರದಲ್ಲಿ ಇದು ಬುದ್ಧಿವಂತರ ಮಾತು. ಆಕಾಶದಲ್ಲಿ ಈ ಲೆಕ್ಕ ನಡೆಯದು. ಸೂರ್ಯನ ಬೆಳಕು ಹುಣ್ಣಿಮೆಯ ಚಂದ್ರನ ಬೆಳಕಿನ ಸುಮಾರು ನಾಲ್ಕು ಲಕ್ಷ ಪಟ್ಟು. ನೂರರಲ್ಲಿ ಒಂದು ಭಾಗ ಉಳಿದರೂ ಅದು ನಾಲ್ಕು ಸಾವಿರ ಹುಣ್ಣಿಮೆಗಳಿಗೆ ಸಮ. ಕಣ್ಣನ್ನು ಕೆಡಿಸಲು ಅಷ್ಟು ಸಾಕು, ಹಗಲನ್ನು ಉಳಿಸಲೂ ಅಷ್ಟು ಸಾಕು. ಆ ಕೊನೆಯ ಒಂದು ಭಾಗ ಮುಚ್ಚಿದವರಿಗೆ ಮಾತ್ರ ಉಳಿದದ್ದೆಲ್ಲ ತೆರೆಯುತ್ತದೆ.

ತೆರೆಯುವುದಾದರೂ ಏನು? ಮೊದಲ ಒಂದು ಗಂಟೆ ಹೆಚ್ಚಿನದೇನೂ ಇಲ್ಲ. ಮರದ ಕೆಳಗೆ ಎಲೆಗಳ ಸಂದಿಯಿಂದ ಬೀಳುವ ಬಿಸಿಲಿನ ಚುಕ್ಕೆಗಳು ಸಣ್ಣ ಸಣ್ಣ ಕುಡುಗೋಲುಗಳಾಗುತ್ತವೆ. ಬಿಸಿಲಿದ್ದೂ ಅದರ ಕಾವು ಇಳಿಯುತ್ತದೆ. ಬೆಳಕು ಸಂಜೆಯದೂ ಅಲ್ಲ, ಮೋಡದ ದಿನದ್ದೂ ಅಲ್ಲ. ದೀಪದ ಬತ್ತಿಯನ್ನು ಯಾರೋ ಮೆಲ್ಲಗೆ ತಗ್ಗಿಸಿದಂತೆ. ಆಮೇಲೆ ಎಲ್ಲವೂ ಒಮ್ಮೆಗೇ ನಡೆಯುತ್ತದೆ. ನೆರಳು ಓಡಿಬರುತ್ತದೆ; ಸೂರ್ಯನ ಅಂಚಿನ ಕೊನೆಯ ಹನಿ ಉಂಗುರದ ವಜ್ರದಂತೆ ಒಮ್ಮೆ ಹೊಳೆದು ಆರುತ್ತದೆ; ಸೂರ್ಯನಿದ್ದಲ್ಲಿ ಒಂದು ಕಪ್ಪು ಬಿಲ್ಲೆ, ಅದರ ಸುತ್ತ ಬೆಳ್ಳಿಯ ಪ್ರಭಾವಳಿ. ಆ ಪ್ರಭಾವಳಿ ಸೂರ್ಯನೊಡನೆ ಸದಾ ಇರುವಂಥದೇ. ಆತನ ಪ್ರಖರತೆಯೇ ಅದನ್ನು ದಿನವೂ ನಮ್ಮಿಂದ ಮರೆಸಿರುತ್ತದೆ. ಹಗಲಿನಲ್ಲಿಯೇ ಶುಕ್ರ ಕಾಣುತ್ತಾನೆ, ಹಕ್ಕಿಗಳು ಗೂಡಿನ ಕಡೆ ತಿರುಗುತ್ತವೆ, ದಿಗಂತದ ಸುತ್ತಲೂ, ಎಂಟು ದಿಕ್ಕಿನಲ್ಲಿಯೂ, ಸಂಜೆಗೆಂಪು ಹಬ್ಬುತ್ತದೆ. ಈ ನಿಮಿಷಗಳಲ್ಲಿ ಮಾತ್ರ ಬರಿಗಣ್ಣಿನಿಂದ ನೋಡಬಹುದು. ಹಿಂದೆ ಮುಂದೆ ತಕ್ಕ ಕನ್ನಡಕವಿಲ್ಲದೆ ನೋಡಬಾರದು.

ಇಂಥದಕ್ಕೆ ಜನ ಬಾರದಿದ್ದರೆ ಆಶ್ಚರ್ಯ. ೨೦೨೪ರ ಏಪ್ರಿಲ್ ೮ರಂದು ಮೆಕ್ಸಿಕೋ, ಅಮೆರಿಕ, ಕೆನಡಗಳ ಮೇಲೆ ನೆರಳು ಹಾದುಹೋಯಿತು. ಅಮೆರಿಕವೊಂದರಲ್ಲಿಯೇ ಅದರ ದಾರಿಯೊಳಗೆ ಮನೆಯಿದ್ದವರು ಮೂರು ಕೋಟಿಗೂ ಮಿಕ್ಕಿ. ಹೊರಗಿನಿಂದ ಬಂದವರು ಬೇರೆ. ಕೆನಡದ ನಯಾಗರ ಪ್ರಾಂತದ ಆಡಳಿತ, ಹತ್ತು ಲಕ್ಷ ಜನ ಬರಬಹುದೆಂದು ಎಣಿಸಿ, ಹಲವು ದಿನ ಮುಂಚಿತವಾಗಿಯೇ ತುರ್ತುಪರಿಸ್ಥಿತಿಯನ್ನು ಸಾರಿತು. ನೆರೆ ಬರುವುದಕ್ಕೆ, ಬಿರುಗಾಳಿ ಬೀಸುವುದಕ್ಕೆ ಸಾರುವ ಆಜ್ಞೆಯನ್ನು ಒಂದು ನೆರಳನ್ನು ನೋಡಬರುವ ನೆಂಟರಿಗಾಗಿ ಸಾರಿದ್ದು ವಿನೋದವೆನಿಸಬಹುದು. ಆದರೆ ಊರಿನವರ ಕಡೆಯಿಂದಲೂ ಯೋಚಿಸಬೇಕು. ಗ್ರಹಣವನ್ನು ಅವರು ಕರೆದಿರಲಿಲ್ಲ, ನೆಂಟರನ್ನೂ ಕರೆದಿರಲಿಲ್ಲ. ರಸ್ತೆ ಇರುವಷ್ಟೇ, ನೀರು ಇರುವಷ್ಟೇ, ಆಸ್ಪತ್ರೆಯ ಹಾಸಿಗೆ ಇರುವಷ್ಟೇ.

ಇಲ್ಲಿ ಒಂದು ಭೇದವನ್ನು ಮನಸ್ಸಿಗೆ ತಂದುಕೊಳ್ಳಬೇಕು. ಲೋಕದಲ್ಲಿ ಹಂಚಿದಂತೆಲ್ಲ ಕಡಿಮೆಯಾಗುವ ಒಳಿತುಗಳಿವೆ; ಹಂಚಿದರೂ ಕಡಿಮೆಯಾಗದ ಒಳಿತುಗಳಿವೆ. ನೀರು, ನೆಳಲು, ಬಸ್ಸಿನಲ್ಲಿ ಕೂರುವ ಜಾಗ, ತಂಗುವ ಕೋಣೆ ಮೊದಲನೆಯ ಜಾತಿಯವು. ಪಕ್ಕದವನಿಗೆ ಹೆಚ್ಚು ಸಿಕ್ಕಿದರೆ ನನಗೆ ಕಡಿಮೆ. ಗ್ರಹಣ ಎರಡನೆಯ ಜಾತಿಯದು. ರಥೋತ್ಸವದಲ್ಲಿ ಮುಂದೆ ಎತ್ತರದವನು ನಿಂತರೆ ಹಿಂದಿನವನಿಗೆ ತೇರು ಕಾಣದು. ಮಗುವನ್ನು ಹೆಗಲ ಮೇಲೆ ಕೂರಿಸಿಕೊಳ್ಳಬೇಕು. ಗ್ರಹಣದಲ್ಲಿ ಯಾರ ತಲೆಯೂ ಯಾರಿಗೂ ಅಡ್ಡವಲ್ಲ. ನೆಲದ ಮೇಲೆ ಕುಳಿತ ಕೂಸಿಗೂ ಮಾಳಿಗೆಯ ಮೇಲೆ ನಿಂತ ಧಣಿಗೂ ಒಂದೇ ಕಪ್ಪು ಬಿಲ್ಲೆ, ಒಂದೇ ಪ್ರಭಾವಳಿ, ಒಂದೇ ಲೆಕ್ಕದ ನಿಮಿಷಗಳು. ಸಂದಣಿಯ ಜಗಳವೆಲ್ಲ ಹುಟ್ಟುವುದು ಮೊದಲನೆಯ ಜಾತಿಯ ಒಳಿತುಗಳಿಗಾಗಿ; ಬೈಗುಳ ಮಾತ್ರ ಎರಡನೆಯದರ ತಲೆಗೆ ಬರುತ್ತದೆ. ದಾರಿ ತಡೆದದ್ದಕ್ಕೆ ಸಿಟ್ಟಾದವನು, ಈ ನೋಟಕ್ಕೆ ಇಷ್ಟು ಜನ ಅರ್ಹರೇ ಅಲ್ಲ ಎಂದು ತೀರ್ಮಾನಿಸಿಬಿಡುತ್ತಾನೆ. ಅರ್ಹತೆಯ ಮಾತು ಇಲ್ಲಿ ಎಲ್ಲಿಂದ ಬಂತು? ಸೂರ್ಯ ಚಂದ್ರನಿಗಿಂತ ಸುಮಾರು ನಾಲ್ಕು ನೂರು ಪಟ್ಟು ದೊಡ್ಡವನು, ಸುಮಾರು ನಾಲ್ಕು ನೂರು ಪಟ್ಟು ದೂರದವನು. ಆದ್ದರಿಂದ ಇಬ್ಬರೂ ನಮ್ಮ ಕಣ್ಣಿಗೆ ಒಂದೇ ಗಾತ್ರ. ಈ ಹೊಂದಿಕೆಯನ್ನು ನಮ್ಮಲ್ಲಿ ಯಾರೂ ಸಂಪಾದಿಸಿದ್ದಲ್ಲ.

ಹಂಚಿದರೆ ಕಡಿಮೆಯಾಗದು, ಸರಿ, ಹೆಚ್ಚಾಗುತ್ತದೆಯೆ? ೧೮೪೨ರ ಜುಲೈ ೮ರಂದು ಫ್ರಾನ್ಸಿನ ಪರ್ಪಿನ್ಯಾನ್ ಎಂಬ ಊರಿನಲ್ಲಿ ಗ್ರಹಣವನ್ನು ವೀಕ್ಷಿಸಿದ ಆರಾಗೋ ಎಂಬ ಖಗೋಳಜ್ಞ ತನ್ನ ಉಪಕರಣಗಳ ವರದಿಯ ಜೊತೆಗೆ ಊರಿನ ಜನರ ವಿಷಯವನ್ನೂ ಬರೆದಿಟ್ಟ. ಹತ್ತಿರ ಹತ್ತಿರ ಇಪ್ಪತ್ತು ಸಾವಿರ ಮಂದಿ ಮಸಿ ಹಿಡಿಸಿದ ಗಾಜಿನ ಚೂರುಗಳನ್ನು ಹಿಡಿದು ಬಯಲಿನಲ್ಲಿ, ಕೋಟೆಯ ಮೇಲೆ ಸೇರಿದ್ದರಂತೆ. ಸೂರ್ಯ ಕಿರಿದಾಗುವವರೆಗೆ ಹರಟೆ, ಗದ್ದಲ. ಕೊನೆಯ ಎಳೆ ಮಾಯವಾಗುವ ಹೊತ್ತಿಗೆ ಅಷ್ಟು ಜನವೂ ಮೌನ. ಮೊದಲ ಕಿರಣ ಮರಳಿದಾಗ ಒಮ್ಮೆಲೇ ಹರ್ಷಧ್ವನಿ. ಆಕಾಶವನ್ನು ಅಳೆಯಲು ಬಂದ ಪಂಡಿತ ಆ ಮೌನವನ್ನೂ ದಾಖಲೆಗೆ ತಕ್ಕದ್ದೆಂದು ಎಣಿಸಿದನಲ್ಲ, ಅದು ದೊಡ್ಡ ಮಾತು. ಒಬ್ಬನೇ ಸುಮ್ಮನಿರುವುದು ಸುಲಭ. ಇಪ್ಪತ್ತು ಸಾವಿರ ಜನ, ಯಾರೂ ಅಪ್ಪಣೆ ಮಾಡದೆ, ಒಂದೇ ಉಸಿರಿಗೆ ಸುಮ್ಮನಾಗುವುದನ್ನು ಕೇಳಬೇಕಾದರೆ ಆ ಇಪ್ಪತ್ತು ಸಾವಿರದೊಳಗೆ ಒಬ್ಬನಾಗಿ ನಿಂತಿರಬೇಕು. ಏಕಾಂತದಲ್ಲಿ ನೋಡಿದವನಿಗೆ ಗ್ರಹಣ ಸಿಕ್ಕುತ್ತದೆ. ಈ ಮೌನ ಸಿಕ್ಕುವುದಿಲ್ಲ.

ಸಂದಣಿಯನ್ನು ಹೀಗೆ ಹೊಗಳಿ ಮುಗಿಸುವುದು ನ್ಯಾಯವಲ್ಲ. ೨೦೦೯ರ ಜುಲೈ ೨೨ರ ಬೆಳಗ್ಗೆ, ಗ್ರಹಣಸ್ನಾನಕ್ಕೆಂದು ಕಾಶಿಯ ಘಟ್ಟಗಳಲ್ಲಿ ಸೇರಿದ ಜನಜಂಗುಳಿಯ ತುಳಿತಕ್ಕೆ ಸಿಕ್ಕಿ ಒಬ್ಬ ವೃದ್ಧೆ ತೀರಿಕೊಂಡಳು. ಪುಣ್ಯವನ್ನರಸಿ ಬಂದವಳ ಮೇಲೆ ಪುಣ್ಯವನ್ನರಸಿ ಬಂದವರೇ ಕಾಲಿಟ್ಟರು. ಸಾವಿರಾರು ಜನಕ್ಕೆ ದೊರೆತ ಧನ್ಯತೆಯ ತಕ್ಕಡಿಯಲ್ಲಿ ಆ ಒಂದು ಜೀವವನ್ನಿಟ್ಟು ತೂಗುವುದಕ್ಕೆ ನನಗೆ ಮನಸ್ಸಿಲ್ಲ, ಅದು ತೂಗುವ ವಸ್ತುವೂ ಅಲ್ಲ. ಹಂಚಿದರೆ ಕಡಿಮೆಯಾಗದ ಒಳಿತನ್ನು ನೋಡಹೋಗುವಾಗ, ಹಂಚಿದರೆ ಕಡಿಮೆಯಾಗುವ ನೆಲ, ಗಾಳಿ, ದಾರಿಗಳನ್ನು ನಾವು ಬಳಸಿಯೇ ತೀರಬೇಕು. ಆದ್ದರಿಂದ ಮೆಟ್ಟಿಲಿನ ಮೇಲೆ ಕಟ್ಟುವ ಹಗ್ಗ, ನೀರಿನ ಕೊಳಾಯಿ, ದಾರಿ ಬಿಡಿಸುವ ಪೇದೆ, ಹಿಂದಿರುಗುವಾಗ ಒಂದು ಗಂಟೆ ತಡೆದು ಹೊರಡುವ ತಾಳ್ಮೆ, ಇವೂ ಗ್ರಹಣದರ್ಶನದ ಅಂಗಗಳೇ. ನೋಡಬಂದವನಿಗೆ ಪಕ್ಕದವನ ಕಾಲಿನ ಮೇಲೂ ಒಂದು ಕಣ್ಣಿರಬೇಕು.

ಇದೆಲ್ಲ ಸಂದಣಿ ಸೇರಿದ ಕಡೆಯ ಮಾತಾಯಿತು. ನಮ್ಮ ನಾಡಿನ ಕಥೆ ಇದಕ್ಕೆ ತಿರುಗುಮುರುಗಾದದ್ದು. ೧೯೮೦ರ ಫೆಬ್ರವರಿ ೧೬, ಶನಿವಾರ. ಅಂದು ಇಳಿಹೊತ್ತಿನಲ್ಲಿ ನೆರಳು ಅರಬ್ಬೀ ಸಮುದ್ರದಿಂದ ಅಂಕೋಲ, ಕಾರವಾರಗಳ ಬಳಿ ನೆಲವನ್ನು ಮುಟ್ಟಿ, ಹುಬ್ಬಳ್ಳಿ, ಗದಗ, ರಾಯಚೂರುಗಳನ್ನು ಹಾದು ಆಂಧ್ರದ ಕಡೆ ಹೊರಟುಹೋಯಿತು. ವಿಜ್ಞಾನಿಗಳು ದೂರದಿಂದ ಬಂದು ಅಂಕೋಲದಲ್ಲಿ ಬೀಡುಬಿಟ್ಟಿದ್ದರು. ಬೀದಿಗಳೋ ಬರಿದಾಗಿದ್ದುವು. ಜನ ಕದವಿಕ್ಕಿ, ಕಿಟಕಿಗೆ ಪರದೆ ಎಳೆದು ಒಳಗೆ ಕುಳಿತರು. ಮುಂಬಯಿಯಲ್ಲಿ ನಡೆಯುತ್ತಿದ್ದ ಇಂಗ್ಲೆಂಡಿನೊಡನೆಯ ಕ್ರಿಕೆಟ್ ಟೆಸ್ಟಿಗೆ ಅಂದೇ ವಿಶ್ರಾಂತಿಯ ದಿನವೆಂದು ಗೊತ್ತುಮಾಡಿದರು. ದೂರದರ್ಶನದಲ್ಲಿ ಆ ಹೊತ್ತಿಗೆ ಒಂದು ಹಿಂದಿ ಚಿತ್ರವನ್ನು ತೋರಿಸಿದರು. ಬೇರೆಯವರು ಸಾವಿರ ಮೈಲಿ ಹೋಗಿ ನೋಡುವುದು ನಮ್ಮ ಬಾಗಿಲಿಗೆ ತಾನಾಗಿ ಬಂದಿತ್ತು. ನಾವು ಬಾಗಿಲು ಹಾಕಿಕೊಂಡೆವು.

ಅವರನ್ನು ನೋಡಿ ನಗುವುದು ಸುಲಭ, ಅನುಚಿತವೂ ಹೌದು. ಕಣ್ಣು ಹೋಗುತ್ತದೆಂಬ ಎಚ್ಚರಿಕೆ ಸುಳ್ಳಲ್ಲ. ಯಾವಾಗ ನೋಡಬಾರದು, ಯಾವಾಗ ನೋಡಬಹುದು ಎಂಬುದನ್ನು ಮನೆಮನೆಗೆ ಹೋಗಿ ತಿಳಿಸಿದವರಿರಲಿಲ್ಲ. ಭಯಕ್ಕೆ ಪಂಚಾಂಗವೂ ಪತ್ರಿಕೆಯೂ ಕೂಡಿಯೇ ಕಾವಲು ನಿಂತಿದ್ದುವು. ಆದರೆ ಆ ಖಾಲಿ ಬೀದಿಯೂ ಒಂದು ಬಗೆಯ ಜನಸಂದಣಿಯೇ ಎಂಬುದನ್ನು ಮರೆಯಬಾರದು. ಲಕ್ಷಾಂತರ ಜನ ಒಂದೇ ಹೊತ್ತಿನಲ್ಲಿ ಒಂದೇ ಕೆಲಸ ಮಾಡಿದರು. ವ್ಯತ್ಯಾಸವಿಷ್ಟೆ: ಬಯಲಿನ ಸಂದಣಿಯಲ್ಲಿ ಒಬ್ಬರ ಬೆರಗು ಇನ್ನೊಬ್ಬರಿಗೆ ಧೈರ್ಯ ಕೊಡುತ್ತದೆ, ಮುಚ್ಚಿದ ಕದಗಳ ಸಂದಣಿಯಲ್ಲಿ ಒಬ್ಬರ ಭಯ ಇನ್ನೊಬ್ಬರಿಗೆ ಪ್ರಮಾಣವಾಗುತ್ತದೆ. ಆ ಪ್ರಮಾಣಕ್ಕೆ ಬೆಲೆ ತೆರುವವರು ಹೆಚ್ಚಾಗಿ ಬಾಯಿಲ್ಲದವರು. ೨೦೧೯ರ ಡಿಸೆಂಬರ್ ೨೬ರ ಕಂಕಣಗ್ರಹಣದಂದು ಕಲಬುರಗಿಯ ಸಮೀಪದ ಒಂದು ಹಳ್ಳಿಯಲ್ಲಿ ಅಂಗವೈಕಲ್ಯವುಳ್ಳ ಮಕ್ಕಳನ್ನು, ವಾಸಿಯಾಗುತ್ತದೆಂಬ ನಂಬಿಕೆಯಿಂದ, ಕತ್ತಿನವರೆಗೆ ತಿಪ್ಪೆಯ ಮಣ್ಣಿನಲ್ಲಿ ಹೂತಿದ್ದರು. ಹೆತ್ತವರ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ಬೇರೆಡೆ.

ಎಲ್ಲಿ ಎಂಬುದನ್ನು ಇನ್ನೂ ಹಳೆಯ ಒಂದು ಗ್ರಹಣ ತೋರಿಸಿಕೊಡುತ್ತದೆ. ೧೮೭೧ರ ಡಿಸೆಂಬರ್ ೧೨. ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಬೇಕಲದ ಕೋಟೆಯ ಮೇಲೆ ಇಂಗ್ಲೆಂಡಿನಿಂದ ಬಂದ ಲಾಕ್ಯರ್ ಎಂಬ ವಿಜ್ಞಾನಿ ಉಪಕರಣಗಳನ್ನು ಹೂಡಿ ನಿಂತಿದ್ದ. ಕೆಳಗೆ ಊರಿನ ಜನ, ಸೂರ್ಯನನ್ನು ಹಿಡಿದ ರಾಕ್ಷಸನನ್ನು ಓಡಿಸಲು ಬೆಂಕಿ ಹೊತ್ತಿಸತೊಡಗಿದರು. ಹೊಗೆ ಮೇಲೆದ್ದರೆ ನೋಟ ಕೆಡುವುದೆಂದು ಪೊಲೀಸರು ಆ ಬೆಂಕಿಯನ್ನು ಆರಿಸಿದರು. ಎರಡು ಗುಂಪೂ ನಿಂತದ್ದು ಒಂದೇ ನೆರಳಿನಲ್ಲಿ. ಎರಡಕ್ಕೂ ಸೂರ್ಯನದೇ ಚಿಂತೆ. ಸೂರ್ಯ ಕಷ್ಟದಲ್ಲಿದ್ದಾನೆಂದು ನಂಬಿ ಕೈಲಾದ ಸಹಾಯಕ್ಕೆ ಧಾವಿಸಿದವರನ್ನು ಉದಾಸೀನರೆಂದು ಹೇಳುವಂತಿಲ್ಲ. ಆದರೆ ಕೋಟೆಯ ಮೇಲಿನಿಂದ ಕೆಳಕ್ಕೆ ಇಳಿದುಬಂದದ್ದು ಪೊಲೀಸರ ಅಪ್ಪಣೆ. ತಿಳಿವಳಿಕೆ ಮೇಲೆಯೇ ಉಳಿಯಿತು. ಇದು ಪರದೇಶದವರ ದೋಷವೊಂದೇ ಎನ್ನಲಾಗದು. ಗ್ರಹಣವೆಂದರೆ ನೆರಳೆಂದು ಆರ್ಯಭಟ ಕ್ರಿ. ಶ. ೪೯೯ರಲ್ಲಿಯೇ ಬರೆದಿಟ್ಟಿದ್ದ. ಬೇಕಲದ ಬೆಂಕಿಗೂ ಆ ಗ್ರಂಥಕ್ಕೂ ನಡುವೆ ಹದಿಮೂರು ಶತಮಾನಗಳು ಕಳೆದಿದ್ದುವು. ತಿಳಿವೂ ಹಂಚಿದರೆ ಕಡಿಮೆಯಾಗದ ಒಳಿತೇ. ಅದನ್ನು ನಾವು ಹಂಚಿದರೆ ಕಡಿಮೆಯಾಗುವ ಒಡವೆಯಂತೆ ಪೆಟ್ಟಿಗೆಯಲ್ಲಿಟ್ಟುಕೊಂಡೆವು.

ನಮ್ಮ ನಾಡಿನ ಶಾಸನಗಳನ್ನು ಓದಿದವರಿಗೆ ಗೊತ್ತಿದೆ: ಸೂರ್ಯಗ್ರಹಣದ ನಿಮಿತ್ತ ಭೂಮಿಯನ್ನೂ ತೋಟವನ್ನೂ ಸುಂಕವನ್ನೂ ಧಾರೆಯೆರೆದು ಕೊಟ್ಟ ದಾನಗಳು ಅವುಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಬೆಳಕು ಅಡಗಿದ ಹೊತ್ತು ಕೈ ಬಿಚ್ಚಿ ಕೊಡಬೇಕಾದ ಹೊತ್ತು ಎಂದು ಹಿರಿಯರು ತಿಳಿದಿದ್ದರು. ಆ ಆಚಾರದಲ್ಲಿ ಇಂದಿಗೂ ಉಳಿಸಿಕೊಳ್ಳತಕ್ಕ ತಿರುಳಿದೆ. ಕೊಡಬೇಕಾದ ವಸ್ತು ಮಾತ್ರ ಬೇರೆಯಾಗಬಹುದು: ಒಂದು ಕನ್ನಡಕ, ನಿಲ್ಲಲು ಒಂದು ಮೊಳ ನೆಲ, ಹೆದರಿದ ನೆರೆಯವರಿಗೆ ನಾಲ್ಕು ಮಾತು.

೨೦೩೪ರ ಮಾರ್ಚ್ ೨೦ರಂದು ಸಂಪೂರ್ಣ ಗ್ರಹಣದ ನೆರಳು ಭಾರತದ ಉತ್ತರದ ಅಂಚನ್ನು, ಕಾಶ್ಮೀರ ಲಡಾಖುಗಳ ಕಡೆಯಲ್ಲಿ, ಮುಟ್ಟಿ ಹೋಗಲಿದೆ. ದಾರಿ ದುರ್ಗಮ, ಚಳಿ ಹೆಚ್ಚು; ಆದರೂ ಜನ ಹೋಗುತ್ತಾರೆ, ಕನ್ನಡಿಗರೂ ಹೋಗುತ್ತಾರೆ. ಬೆಟ್ಟದ ಕಿರಿದಾದ ರಸ್ತೆಯಲ್ಲಿ ವಾಹನಗಳು ಸಾಲುಗಟ್ಟಿ ನಿಂತಾಗ, ಇಷ್ಟು ಜನ ಏಕೆ ಬಂದರೋ ಎಂಬ ಮಾತು ಯಾರ ಬಾಯಿಗಾದರೂ ಬಂದೀತು. ಬಂದ ಜನಕ್ಕಿಂತ ಬಾರದೆ ಉಳಿದ ಜನದ ಲೆಕ್ಕ ದೊಡ್ಡದು. ಹಣವಿಲ್ಲದೆ, ರಜವಿಲ್ಲದೆ, ಬರಬಹುದೆಂದೇ ತಿಳಿಯದೆ ಉಳಿದವರು. ಕೊರಗುವುದಾದರೆ ಅವರು ಬರಲಿಲ್ಲವಲ್ಲ ಎಂದು ಕೊರಗಬೇಕು.